ಬಟನ್ ಸೆಲ್ ಮಕ್ಳ ಬಾಯಿಗೆ ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ

ನನ್ ಮಗಳು ಪುಟ್ಟ ರಿಮೋಟ್ ಬಿಚ್ಚಿ ಸೆಲ್ಲು ಕೈಲಿ ಹಿಡ್ಕೊಂಡಿದ್ದು ನೋಡಿ ಎದೆ ಧಸಕ್ ಅಂದಿತ್ತು, ಅದಕ್ಕೇ ಹೇಳ್ತಿದೀನಿ, ಮೊದ್ಲು ಮನೇಲಿ ಎಲ್ಲೆಲ್ಲಿ ಬಟನ್ ಸೆಲ್, ಅಂದ್ರೆ ನಾಣ್ಯದ ಥರ ಇರೋ ಪುಟ್ಟ ಗುಂಡು ಬ್ಯಾಟರಿ, ಇದೆ ಹುಡುಕಿ, ಕಾರ್ ಕೀ, ಥರ್ಮಾಮೀಟರ್, ಜಾತ್ರೇಲಿ ತಂದ ಲೈಟ್ ಆಟಿಕೆ. ಮುಚ್ಚಳ ಉಗುರಲ್ಲೇ ತೆಗೆಯೋಕಾದ್ರೆ ಗಟ್ಟಿ ಟೇಪ್ ಸುತ್ತಿ. ಸಿಆರ್2032 ಅಂತ ಬರೆದಿರೋ ಬಟನ್ ಸೆಲ್ಲು 20 ಮಿಲಿಮೀಟರ್ ಅಗಲ, ಅನ್ನನಾಳದಲ್ಲಿ ಸಿಕ್ಕಾಕೊಂಡ್ರೆ 2 ಗಂಟೇಲೇ ಸುಟ್ಟುಬಿಡತ್ತೆ, ಖಾಲಿ ಸೆಲ್ಲೂ ಸುಡತ್ತೆ, ಎರಡೂ ಕಡೆ ಟೇಪ್ ಹಚ್ಚಿ ಬಿಸಾಕಿ.

ನುಂಗಿರೋ ಡೌಟ್ ಬಂದ್ರೂ ಸಾಕು, ವಾಂತಿ ಮಾಡಿಸ್ಬೇಡಿ, ಊಟ ಕೊಡ್ಬೇಡಿ, ತಕ್ಷಣ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ. ಮಗುಗೆ ವರ್ಷ ತುಂಬಿದ್ದು ನುಂಗೋಕೆ ಆಗ್ತಿದ್ರೆ ದಾರೀಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಮಾತ್ರ ಕೊಡ್ಬಹುದು, 6 ಸಲಕ್ಕಿಂತ ಜಾಸ್ತಿ ಬೇಡ. ಮನೇಲಿ ಜೇನಿಲ್ಲಾಂದ್ರೆ ಹುಡುಕ್ತಾ ಕೂರ್ಬೇಡಿ, ಹೊರಡಿ.