ನದಿಮೂಲಗಳನ್ನು ಕಂಪ್ಯೂಟರಿಗೆ ಓದಿಸಿ ಕಲಿಸಿದ ಬಗೆ

ಯಾವ ನದಿ ಎಲ್ಲಿ ಹುಟ್ಟುತ್ತದೆ ಎಂಬ ಒಂದೇ ವಿಷಯವನ್ನು ಕನ್ನಡ ವಿಕಿಪೀಡಿಯದ ಪಠ್ಯದಿಂದ ಕಂಪ್ಯೂಟರ್ ತಾನೇ ಹೆಕ್ಕುವಂತೆ ಮಾಡಿದ ಕ್ರಮ ಇದು. ವಿಧಾನ ಹಳೆಯದು. ಗೊತ್ತಿರುವ ಕೆಲವು ನದಿ–ಮೂಲ ಜೋಡಿಗಳನ್ನು ಬೀಜವಾಗಿ ಕೊಡಬೇಕು. ಅವು ಬರುವ ವಾಕ್ಯಗಳ ಅಚ್ಚನ್ನು, ಅಂದರೆ ಹೆಸರುಗಳ ಸುತ್ತ ಉಳಿಯುವ ಪದಗಳ ಮಾದರಿಯನ್ನು, ಹಿಡಿದು, ಆ ಅಚ್ಚಿಗೆ ಹೊಂದುವ ಹೊಸ ಜೋಡಿಗಳನ್ನು ಹುಡುಕಿಸಬೇಕು. ಆ ಜೋಡಿಗಳಿಂದ ಮತ್ತೆ ಹೊಸ ಅಚ್ಚು, ಹೀಗೆ ಸುತ್ತು ಸುತ್ತಾಗಿ.

ಹೆಚ್ಚು ಹೊತ್ತು ತಿನ್ನುವುದು ಪಠ್ಯ ಶುದ್ಧಿ. ವಿಕಿಪೀಡಿಯದ ಎಲ್ಲ ಲೇಖನಗಳಿರುವ ಡಂಪ್ ಫೈಲ್ ಇಳಿಸಿಕೊಂಡು ಟೆಂಪ್ಲೇಟು, ಕೋಷ್ಟಕಗಳನ್ನು ತೆಗೆದ ಮೇಲೆ, ಒಂದು ಅಕ್ಷರಕ್ಕೆ ಒಂದೇ ಬಗೆಯ ಸಂಕೇತ ಉಳಿಸುವ ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ ತರುತ್ತೇನೆ. ಇಲ್ಲದಿದ್ದರೆ ಕಣ್ಣಿಗೆ ಒಂದೇ ಆಗಿ ಕಾಣುವ 'ೋ' ಒಳಗೆ ಎರಡು ಬಗೆಯಾಗಿ ಉಳಿಯುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಟೈಪ್ ಮಾಡಿದ 'ಬೆ೦ಗಳೂರು' ಎನ್‌ಎಫ್‌ಸಿಗೂ ಸಿಗುವುದಿಲ್ಲ. ಅದಕ್ಕೆ ಬೇರೆ ನಿಯಮ ಬರೆಯಬೇಕು. ಚುಕ್ಕಿ ಕಂಡಲ್ಲೆಲ್ಲ ವಾಕ್ಯ ಕತ್ತರಿಸಿದರೆ 'ಕಿ.ಮೀ.', 'ಕ್ರಿ.ಶ.' ಚೂರಾಗುತ್ತವೆ. ನಕಲಾಗಿ ಹಲವು ಪುಟಗಳಲ್ಲಿರುವ ವಾಕ್ಯವನ್ನು ಒಂದೇ ಎಂದು ಎಣಿಸಬೇಕು.

ಬೀಜಕ್ಕೆ ಆರು ಜೋಡಿ ಸಾಕು: ಕಾವೇರಿ–ತಲಕಾವೇರಿ, ಶರಾವತಿ–ಅಂಬುತೀರ್ಥ, ಕೃಷ್ಣಾ–ಮಹಾಬಳೇಶ್ವರ, ಅರ್ಕಾವತಿ–ನಂದಿಬೆಟ್ಟ, ತುಂಗಾ–ಗಂಗಮೂಲ, ಭದ್ರಾ–ಗಂಗಮೂಲ. ಊರಿನ ಹೆಸರಿಗೆ ಅಂಟಿದ 'ಯಲ್ಲಿ', 'ದಲ್ಲಿ', 'ಇನಲ್ಲಿ' ಬಿಡಿಸಿ, ಉಳಿದ ಪದ ಲೇಖನ ಶೀರ್ಷಿಕೆಗಳ ಪಟ್ಟಿಯಲ್ಲಿದ್ದರೆ ಮಾತ್ರ ಒಪ್ಪುತ್ತೇನೆ.

ಆದರೆ ಕ್ರಿಯಾಪದದ ಪ್ರತ್ಯಯ ಕತ್ತರಿಸಬಾರದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲ ಪದಗಳನ್ನೂ ಮೂಲರೂಪಕ್ಕಿಳಿಸುವುದು ಸಾಮಾನ್ಯ ರೂಢಿ. ಕಾವೇರಿ, ಹೇಮಾವತಿ, ನೇತ್ರಾವತಿ ಹೆಣ್ಣುಮಕ್ಕಳ ಹೆಸರೂ ಹೌದು. 'ಹುಟ್ಟು' ಎಂದಷ್ಟೇ ಉಳಿಸಿದರೆ ಮೈಸೂರಿನಲ್ಲಿ ಹುಟ್ಟಿದ ಕಾವೇರಿ ಎಂಬ ಲೇಖಕಿಯೂ ನದಿಯಾಗುತ್ತಾಳೆ. 'ಹುಟ್ಟುತ್ತದೆ', 'ಹುಟ್ಟಿದರು' ಎಂಬ ವ್ಯತ್ಯಾಸವೇ ನದಿಯನ್ನೂ ವ್ಯಕ್ತಿಯನ್ನೂ ಬೇರ್ಪಡಿಸಿಕೊಡುತ್ತದೆ. 'ತಲಕಾವೇರಿಯಲ್ಲಿ ಹುಟ್ಟಿ... ಬಂಗಾಳಕೊಲ್ಲಿ ಸೇರುತ್ತದೆ' ಎಂಬಲ್ಲಿ 'ಹುಟ್ಟಿ'ಗೆ ಲಿಂಗವಿಲ್ಲ. ಹಾಗಾಗಿ ಅಚ್ಚು ವಾಕ್ಯದ ಕೊನೆಯ ಕ್ರಿಯಾಪದದವರೆಗೂ ಚಾಚಬೇಕು. ಭಕ್ತಿಯಿಂದ 'ಹುಟ್ಟುತ್ತಾಳೆ' ಎಂದು ಬರೆದ ವಾಕ್ಯಗಳೂ ಸಿಗುತ್ತವೆ. ಅವನ್ನು ಬೇರೆ ಇಟ್ಟು, ಅದೇ ಪುಟದಲ್ಲಿ 'ಉಪನದಿ', 'ಜಲಾನಯನ' ಮುಂತಾದ ಪದವಿದ್ದರೆ ಸೇರಿಸುತ್ತೇನೆ.

ಒಂದು ತಪ್ಪು ಜೋಡಿ ಒಳಬಂದರೆ ಅದು ತಪ್ಪು ಅಚ್ಚನ್ನು ತರುತ್ತದೆ, ಆ ಅಚ್ಚು ಇನ್ನಷ್ಟು ತಪ್ಪುಗಳನ್ನು ತರುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಓದಲು ಶುರು ಮಾಡಿದ, ವೆಬ್ ಪುಟಗಳಿಂದ ತಾನೇ ಕಲಿಯುವ 'ನೆಲ್' ವ್ಯವಸ್ಥೆ ಬ್ರೌಸರಿನ ಕುಕಿಯನ್ನು (ಜಾಲತಾಣ ಉಳಿಸಿಡುವ ಪುಟ್ಟ ಮಾಹಿತಿ) ಬೇಕರಿ ತಿನಿಸೆಂದು ಬಗೆದು, ಅದರ ಬೆನ್ನಿಗೇ ಕಂಪ್ಯೂಟರ್ ಫೈಲನ್ನೂ ಅದೇ ಪಟ್ಟಿಗೆ ಸೇರಿಸಿತ್ತು. ಇದನ್ನು ತಡೆಯಲು ಪ್ರತಿ ಸುತ್ತಿಗೆ ಐದೇ ಹೊಸ ಅಚ್ಚು ಒಪ್ಪುತ್ತೇನೆ, ಎರಡು ಬೇರೆ ಅಚ್ಚುಗಳಲ್ಲಿ ಸಿಕ್ಕ ಜೋಡಿಯನ್ನಷ್ಟೇ ಉಳಿಸುತ್ತೇನೆ. ಸುತ್ತು ಮುಗಿದಾಗ 50 ಜೋಡಿಗಳನ್ನು ಚೀಟಿ ಎತ್ತಿದಂತೆ ಆರಿಸಿ ಕೈಯಾರೆ ನೋಡುತ್ತೇನೆ. ಐದಕ್ಕಿಂತ ಹೆಚ್ಚು ತಪ್ಪಿದ್ದರೆ ಆ ಸುತ್ತನ್ನೇ ಅಳಿಸುತ್ತೇನೆ.

ಒಂದು ಸ್ಥಳಕ್ಕೆ ಹಲವು ನದಿ ಇರಬಹುದು, ಗಂಗಮೂಲ ಹಾಗೆಯೇ. ಒಂದು ನದಿಗೆ ಎರಡು ಮೂಲ ಬಂದರೆ ಮಾತ್ರ ಮನುಷ್ಯರ ಕಣ್ಣಿಗೆ ಕಳಿಸಬೇಕು. ತುಂಗಭದ್ರಾ ಈ ನಿಯಮಕ್ಕೂ ಬಗ್ಗಲಿಲ್ಲ. ಕೂಡಲಿಯಲ್ಲಿ ಎರಡು ನದಿ ಸೇರಿ ಆಗುವ ಅದಕ್ಕಾಗಿ 'ಸಂಗಮ' ಎಂಬ ಇನ್ನೊಂದು ಸಂಬಂಧವನ್ನೇ, ಬೇರೆ ಬೀಜಗಳೊಂದಿಗೆ, ತೆರೆಯಬೇಕಾಯಿತು.