ಹೊಸ ಫಿಟ್ಸ್ ಮಾತ್ರೆ ಕೆಲಸ ಮಾಡ್ತಿದೆಯಾ? ಮಿದುಳಿನ ರೆಕಾರ್ಡಿಂಗ್ ನೋಡುವ ಬಗೆ

ಮಾಟುಂಗಾ, ಡೊಂಬಿವಲಿ ಕಡೆಯ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವುದು ಮಾಮೂಲಿ. ಅವರಲ್ಲಿ ಯಾರಿಗಾದರೂ ಹತೋಟಿಗೆ ಬಾರದ ಫಿಟ್ಸ್ ಇದ್ದು, ತಲೆಬುರುಡೆಯಲ್ಲಿ ಆರ್‌ಎನ್‌ಎಸ್ ಯಂತ್ರ ಕೂರಿಸಿದ್ದರೆ ಈ ಬರಹ ನಿಮಗೆ. ಅಲ್ಲಿ ಇದಕ್ಕೆ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಫಿಟ್ಸ್‌ನ ಸುಳಿವು ಕಂಡ ಕೂಡಲೇ ಸಣ್ಣ ಕರೆಂಟ್ ಕೊಡುವುದರ ಜೊತೆಗೆ, ಮಿದುಳಿನ ಅಲೆಗಳನ್ನೂ ಇದು ರೆಕಾರ್ಡ್ ಮಾಡುತ್ತದೆ.

ಹೊಸ ಮಾತ್ರೆ ಶುರುವಾಗಿ ನಾಲ್ಕು ದಿನವಾಗಿರುವುದಿಲ್ಲ, ಡಾಕ್ಟರ್ ಕೊಟ್ಟ ಗ್ರಾಫನ್ನು ವಿಡಿಯೊ ಕಾಲ್‌ನಲ್ಲಿ ನೋಡಿ "ಏನೂ ಕಮ್ಮಿಯಾಗಿಲ್ಲ, ಬಿಟ್ಟುಬಿಡು ಪುಟ್ಟಾ" ಅನ್ನುವ ತಂದೆ ತಾಯಿಯರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಫಿಟ್ಸ್ ಮಾತ್ರೆ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಹಂತ 1: ಯಂತ್ರದ ಡೇಟಾ ಡಾಕ್ಟರಿಗೆ ತಪ್ಪದೆ ಕಳಿಸಲು ಹೇಳಿ. ಯಂತ್ರದಲ್ಲಿ ಕೆಲವೇ ನಿಮಿಷಗಳ ಅಲೆಗಳಿಗೆ ಜಾಗ. ಹೊಸದು ಬಂದ ಹಾಗೆ ಹಳೆಯದು ಅಳಿಸಿಹೋಗುತ್ತದೆ. ದಿನಾ ಮಲಗುವ ಮುಂಚೆ ಕಳಿಸುವುದೇ ಒಳ್ಳೆಯದು.

ಹಂತ 2: ಡೈರಿ ಬರೆಯಿರಿ. ಫಿಟ್ಸ್ ಬಂದ ಹೊತ್ತು, ತಪ್ಪಿದ ಮಾತ್ರೆ, ಜ್ವರ, ನಿದ್ದೆಗೆಟ್ಟ ರಾತ್ರಿ, ಇಷ್ಟು ಸಾಕು. ಆ್ಯಪ್‌ಗಿಂತ ಮಾತ್ರೆ ಡಬ್ಬಿಯ ಪಕ್ಕದಲ್ಲಿಟ್ಟ ನೋಟ್‌ಬುಕ್ಕೇ ವಾಸಿ. ಡೈರಿಯೊಂದನ್ನೇ ನಂಬಬೇಡಿ. ಬಂದು ಹೋದ ಫಿಟ್ಸ್ ಎಷ್ಟೋ ಸಲ ರೋಗಿಗೇ ಗೊತ್ತಾಗಿರುವುದಿಲ್ಲ.

ಹಂತ 3: ಹೋಲಿಸುವುದು. ಎಡವುವುದು ಇಲ್ಲೇ. ಯಂತ್ರ ದಿನಕ್ಕೆ ನೂರಾರು ಸಲ "ಏನೋ ಕಂಡಿತು" ಎಂದು ಎಣಿಸಬಹುದು. ಅವೆಲ್ಲ ಫಿಟ್ಸ್ ಅಲ್ಲ, ಗಾಬರಿ ಬೇಡ. ಜಾಸ್ತಿ ಹೊತ್ತು ನಿಲ್ಲುವ ಘಟನೆಗಳ ಲೆಕ್ಕ ಫಿಟ್ಸ್‌ಗೆ ಹೆಚ್ಚು ಹತ್ತಿರ. ಅವನ್ನೂ ಡಾಕ್ಟರ್ ಅಲೆ ನೋಡಿಯೇ ಖಚಿತ ಮಾಡಬೇಕು.

ಇನ್ನೊಂದು ತೊಡಕು: ತುಂಬಾ ಜನರಲ್ಲಿ ಈ ಎಣಿಕೆ ತಾನಾಗಿಯೇ ಏರಿಳಿಯುತ್ತದೆ, ಸಮುದ್ರದ ಭರತ ಇಳಿತದ ಹಾಗೆ. ಒಂದು ಸುತ್ತಿಗೆ 20ರಿಂದ 30 ದಿನ ಹಿಡಿಯುವುದುಂಟು. ಏರು ವಾರದಲ್ಲಿ ಮಾತ್ರೆ ಶುರುಮಾಡಿ ಇಳಿ ವಾರದಲ್ಲಿ ನೋಡಿದರೆ ಎಂಥ ಮಾತ್ರೆಯೂ ಅದ್ಭುತವೇ, ಅಲ್ವಾ? ಆದ್ದರಿಂದ ಮಾತ್ರೆಗೆ ಮೊದಲಿನ ಎರಡು ಪೂರ್ತಿ ಸುತ್ತುಗಳನ್ನು ನಂತರದ ಎರಡು ಸುತ್ತುಗಳ ಪಕ್ಕದಲ್ಲಿಟ್ಟು ನೋಡಿ. ಒಳ್ಳೆಯ ಮಾತ್ರೆಯ ಗುಣ ಮೊದಲ ವಾರಗಳಲ್ಲೇ ರೆಕಾರ್ಡಿಂಗ್‌ನಲ್ಲಿ ಕಾಣಬಹುದು, ನಿಜ. ಅದನ್ನು ಸುಳಿವು ಅಂತ ಇಟ್ಟುಕೊಳ್ಳಿ, ತೀರ್ಪು ಬೇಡ.

ಎಣಿಕೆ ಶುರುಮಾಡುವ ದಿನವೂ ಮಾತ್ರೆಯ ಮೇಲೆ ಹೋಗುತ್ತದೆ. ಲೆವೆಟಿರಾಸೆಟಮ್ ಒಂದೆರಡು ದಿನದಲ್ಲೇ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಲ್ಯಾಮೊಟ್ರಿಜಿನ್ ಹಾಗಲ್ಲ. ಮೈಮೇಲೆ ಅಪಾಯದ ಗುಳ್ಳೆ ಏಳದಿರಲೆಂದು ಅದನ್ನು ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಪೂರ್ತಿ ಡೋಸ್ ಮುಟ್ಟುವ ತನಕ "ಗುಣವಿಲ್ಲ" ಅನ್ನುವ ಹಾಗಿಲ್ಲ.

ಮಕ್ಕಳು ರಜೆಗೆ ಮುಂಬೈಗೆ ಬಂದ ವಾರವನ್ನು ಲೆಕ್ಕದಿಂದ ಬಿಡಿ. ಹಗಲು ರಾತ್ರಿ ತಲೆಕೆಳಗಾಗಿ ನಿದ್ದೆ ಕೆಡುತ್ತದೆ, ಮಾತ್ರೆಯ ಹೊತ್ತೂ ತಪ್ಪುತ್ತದೆ. ಸುಮ್ನೆ ಹೊಸ ಮಾತ್ರೆಗೆ ಕೆಟ್ಟ ಹೆಸರು ಬರುತ್ತದೆ.

ಹಂತ 4: ಡಾಕ್ಟರನ್ನು ಒಂದು ಮಾತು ಕೇಳಲು ಹೇಳಿ. "ಈ ಅವಧಿಯಲ್ಲಿ ಯಂತ್ರದ ಸೆಟ್ಟಿಂಗ್ ಬದಲಾಗಿತ್ತಾ?" ಬದಲಾಗಿದ್ದರೆ ಹಿಂದಿನ, ಮುಂದಿನ ಎಣಿಕೆಗಳನ್ನು ಹೋಲಿಸುವ ಹಾಗೇ ಇಲ್ಲ. ಜೊತೆಗೆ, ಲೆವೆಟಿರಾಸೆಟಮ್ ಕೆಲವರಿಗೆ ವಿಪರೀತ ಸಿಟ್ಟು, ಬೇಜಾರು ತರುತ್ತದೆ. ಅದು ಯಾವ ಗ್ರಾಫ್‌ನಲ್ಲೂ ಕಾಣುವುದಿಲ್ಲ. ಫೋನ್‌ನಲ್ಲಿ ಮಗಳ ದನಿ ಬದಲಾಗಿದೆ ಅನ್ನಿಸಿದರೆ ಅದನ್ನೂ ಡೈರಿಯಲ್ಲಿ ಬರೆಸಿ, ಡಾಕ್ಟರಿಗೆ ಕೂಡಲೇ ಹೇಳಿಸಿ.