ಒಳ್ಳೆಯ ಸ್ವತಂತ್ರ ಜಾಲತಾಣಗಳನ್ನು ನಾನು ಹುಡುಕಿದ ಬಗೆ

ಜನ ಸ್ವಂತಕ್ಕೆ ನಡೆಸುವ ಸಣ್ಣ ತಾಣಗಳಲ್ಲಿ ಒಳ್ಳೆಯವನ್ನು ಹೆಕ್ಕಲು ನಾನು ಮಾಡಿಕೊಂಡ ವಿಧಾನ ಕೊನೆಗೂ ಕೈಹಿಡಿಯಿತು. "ಗುರು, ಈಗಿನ ಕಾಲದಲ್ಲಿ ಸ್ವಂತ ಸೈಟ್ ಯಾರಿಟ್ಕೊಂಡಿರ್ತಾರೆ? ಎಲ್ಲ ರೀಲ್ಸ್‌ಗೆ ಹೋಗಿದ್ದಾರೆ" ಎಂದು ಆಫೀಸಿನಲ್ಲಿ ಹೇಳುತ್ತಿದ್ದವರೇ ಈಗ ನನ್ನ ಪಟ್ಟಿ ಕೇಳಿಕೊಂಡು ಬರುತ್ತಿದ್ದಾರೆ. ಪಟ್ಟಿಯಲ್ಲಿ ಸುಮಾರು 1,400 ತಾಣಗಳಿವೆ. ಹಳೆಯ ಟರ್ಮಿನಲ್ ರಿಪೇರಿ ಮಾಡುವವರು, ಮನೆಯಲ್ಲೇ ಮೇಲ್ ಸರ್ವರ್ ನಡೆಸುವವರು, ಡಯಲ್‌ಅಪ್ ಕಾಲದ ಬುಲೆಟಿನ್ ಬೋರ್ಡ್‌ಗಳ ಚರಿತ್ರೆ ದಾಖಲಿಸುವವರು, ಎಲ್ಲರೂ ಇದ್ದಾರೆ. ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತರುವ ಫೀಡ್ ರೀಡರ್‌ಗೆ ಹಾಕಿಕೊಂಡು ನಾನು ತಪ್ಪದೆ ಓದುವುದು ಮುನ್ನೂರರಷ್ಟು.

ಮೊದಲು ಫಲ ಕೊಡದ ದಾರಿಗಳನ್ನು ಹೇಳಿಬಿಡುತ್ತೇನೆ. ದೊಡ್ಡ ಸರ್ಚ್ ಎಂಜಿನ್‌ನಲ್ಲಿ ವಿಷಯದ ಹೆಸರು ಹೊಡೆದರೆ ಅಂಗಡಿಗಳು ಮತ್ತು "ಟಾಪ್ 10" ಲೇಖನಗಳು ಬರುತ್ತವೆ. ಸಣ್ಣ ತಾಣಗಳನ್ನು ಹುಡುಕಿಕೊಡುವ ಮಾರ್ಜಿನೇಲಿಯಾ ಎಂಬ ಸರ್ಚ್ ಎಂಜಿನ್ ಎಷ್ಟೋ ವಾಸಿ. ಸ್ವೀಡನ್ನಿನ ವಿಕ್ಟರ್ ಲೋಫ್‌ಗ್ರೆನ್ 2021ರಲ್ಲಿ ಹೊರತಂದ ಅದು ಬರಹ ಹೆಚ್ಚಿರುವ ಪುಟಗಳನ್ನು ಮೇಲೆತ್ತಿ, ಒಳಗೆ ಓಡುವ ಪ್ರೋಗ್ರಾಂಗಳು (ಸ್ಕ್ರಿಪ್ಟ್) ತುಂಬಿದ ಪುಟಗಳನ್ನು ಕೆಳಗಿಳಿಸುತ್ತದೆ. ಹಳೆಯ ಶೈಲಿಯ ಸರಳ ಪುಟಗಳನ್ನು ಹುಡುಕುವ ವೀಬಿಯೂ ಚೆನ್ನಾಗಿದೆ. ಆದರೆ ಎರಡಕ್ಕೂ ಏನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ನನಗೆ ಬೇಕಾಗಿದ್ದುದು ಕೇಳಲು ಹೊಳೆಯದ ಸಂಗತಿಗಳು. ಕಾಗಿ ಎಂಬ ಸರ್ಚ್ ಕಂಪನಿಯವರು ಸಣ್ಣ ತಾಣಗಳನ್ನು ತೋರಿಸುವ ಸ್ಮಾಲ್ ವೆಬ್‌ನಲ್ಲಿ ಕಣ್ಣುಮುಚ್ಚಿ ಒಂದೊಂದೇ ಪುಟ ತೆರೆಯುವುದು ಸಂಜೆ ಹೊತ್ತಿಗೆ ಖುಷಿ ಕೊಡುತ್ತದೆ, ಆದರೆ ಇಪ್ಪತ್ತು ಮೂವತ್ತರಲ್ಲಿ ಒಂದು ದಕ್ಕಿದರೆ ಹೆಚ್ಚು.

ದುಡ್ಡು ಹೋದದ್ದು ಕಾಮನ್ ಕ್ರಾಲ್ ಪ್ರಯೋಗದಲ್ಲಿ. ವೆಬ್ಬನ್ನು ಯಂತ್ರದಿಂದ ಸುತ್ತಿ (ಕ್ರಾಲ್ ಮಾಡಿ) ಪುಟಗಳನ್ನು ಸಂಗ್ರಹಿಸಿಡುವ ಸಂಸ್ಥೆ ಅದು. ಅವರ ದತ್ತಾಂಶ ಉಚಿತ, ಒಂದೊಂದು ಕ್ರಾಲ್‌ನಲ್ಲೂ ನೂರಾರು ಕೋಟಿ ಪುಟಗಳು. ಉಚಿತವಲ್ಲದ್ದು ಅದನ್ನು ಅರೆಯುವ ಯಂತ್ರ. ಬಾಡಿಗೆಗೆ ತೆಗೆದುಕೊಂಡ ಕ್ಲೌಡ್ ಮಷಿನ್‌ನಲ್ಲಿ ಲಿಂಕ್‌ಗಳನ್ನಷ್ಟೇ ಸೋಸಲು ಬಿಟ್ಟೆ. ತಿಂಗಳ ಕೊನೆಗೆ ಬಂದ ಬಿಲ್ಲು ಹನ್ನೊಂದು ಸಾವಿರದ ಆಸುಪಾಸು, ಕೈಗೆ ಸಿಕ್ಕಿದ್ದು ಬರೀ ಕಸ. ಇಡೀ ವೆಬ್ಬನ್ನು ಸೋಸಿ ಒಳ್ಳೆಯದನ್ನು ಹೆಕ್ಕುವುದು ನಮ್ಮಂಥವರ ಜೇಬಿನ ಕೆಲಸವಲ್ಲ ಎಂದು ಅಲ್ಲಿಗೆ ತೀರ್ಮಾನವಾಯಿತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ಗೆ ಹೋಗಿ, ಯಾವುದೋ ಕಂಪನಿ ವಿಲೇವಾರಿ ಮಾಡಿದ್ದ ಮಿನಿ ಪಿಸಿಯೊಂದನ್ನು ಏಳು ಸಾವಿರಕ್ಕೆ ಚೌಕಾಸಿ ಮಾಡಿ ತಂದೆ. ಎಂಟು ಜಿಬಿ ರ್‍ಯಾಮ್, ಅಷ್ಟು ಸಾಕು.

ವಿಧಾನ ಇಷ್ಟೇ. ನಾನು ವರ್ಷಗಟ್ಟಲೆ ಓದಿ ನಂಬಿದ ನಲವತ್ತು ತಾಣಗಳನ್ನು ಸೀಡ್, ಅಂದರೆ ಹುಡುಕಾಟ ಶುರುವಾಗುವ ಬೀಜ, ಮಾಡಿಕೊಂಡೆ. ಪೈಥಾನ್ ಭಾಷೆಯಲ್ಲಿ ಬರೆದ ನನ್ನ ಪುಟ್ಟ ಪ್ರೋಗ್ರಾಂ (ಸ್ಕ್ರಿಪ್ಟ್) ಅವುಗಳ ಲಿಂಕ್ಸ್ ಪುಟ, ಬ್ಲಾಗ್‌ರೋಲ್ (ತಾವು ಓದುವ ಬ್ಲಾಗ್‌ಗಳ ಪಟ್ಟಿ), ಓಪಿಎಂಎಲ್ ಕಡತ (ಫೀಡ್‌ಗಳ ಪಟ್ಟಿ) ಇವನ್ನು ಮಾತ್ರ ಓದುತ್ತದೆ. ಲೇಖನಗಳ ಒಳಗಿನ ಲಿಂಕ್ ಮುಟ್ಟುವುದಿಲ್ಲ. ಲೇಖನದಲ್ಲಿ ಜನ ಜಗಳವಾಡಲೂ ಲಿಂಕ್ ಕೊಡುತ್ತಾರೆ, ಬ್ಲಾಗ್‌ರೋಲ್‌ಗೆ ಮೆಚ್ಚಿದ್ದನ್ನಷ್ಟೇ ಹಾಕುತ್ತಾರೆ. ಇಂಥ ಪಟ್ಟಿಯ ಒಂದು ಲಿಂಕ್ ಅಂದರೆ ಒಂದು ವೋಟು. ಹೊಸ ತಾಣವೊಂದಕ್ಕೆ ಕನಿಷ್ಠ ಮೂವರ ವೋಟು ಬೀಳಬೇಕು, ಆ ಮೂವರು ಒಬ್ಬರಿಗೊಬ್ಬರು ಲಿಂಕ್ ಕೊಟ್ಟಿರಬಾರದು. ಮನೆ ಕಟ್ಟಿಸಲು ಒಳ್ಳೆಯ ಮೇಸ್ತ್ರಿ ಬೇಕಾದಾಗ ಪರಸ್ಪರ ಪರಿಚಯವಿಲ್ಲದ ಮೂರು ಜನರನ್ನು ವಿಚಾರಿಸುತ್ತೇವಲ್ಲ, ಅದೇ ಲೆಕ್ಕ. ಸರಪಳಿಯಂತೆ ಒಬ್ಬರಿಗೊಬ್ಬರು ಲಿಂಕ್ ಕೊಟ್ಟುಕೊಂಡ ತಾಣಗಳ ಗುಂಪು, ಅಂದರೆ ವೆಬ್‌ರಿಂಗ್‌ನ ಸದಸ್ಯರೆಲ್ಲ ಸೇರಿದರೂ ಒಂದೇ ವೋಟು. ಈ ಒಂದು ನಿಯಮ ಹಾಕಿದ ಮೇಲೆಯೇ ಪಟ್ಟಿಗೆ ಜೀವ ಬಂದದ್ದು.

ಮೊದಮೊದಲು ವಿಕಿಪೀಡಿಯ, ಗಿಟ್‌ಹಬ್, ಯೂಟ್ಯೂಬ್‌ಗಳೇ ಮೇಲೆ ಬಂದು ಕೂರುತ್ತಿದ್ದವು. ಇದಕ್ಕೆ ಮದ್ದು ಅದೇ ಕಾಮನ್ ಕ್ರಾಲ್‌ನಲ್ಲಿ ಸಿಕ್ಕಿತು. ಅವರು ಡೊಮೇನ್‌ಗಳ ರ್‍ಯಾಂಕ್ ಪಟ್ಟಿಯನ್ನೂ ಪ್ರಕಟಿಸುತ್ತಾರೆ. ಎಲ್ಲರೂ ಅದರ ತಲೆಭಾಗ ನೋಡಿದರೆ ನಾನು ತಲೆಯನ್ನೇ ಕತ್ತರಿಸಿ ಎಸೆದೆ. ಎಷ್ಟನೇ ರ್‍ಯಾಂಕಿಗೆ ಕತ್ತರಿ ಹಾಕಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬ್ಲಾಗ್‌ರೋಲ್‌ಗೆ ವಿಚಿತ್ರ ಹೆಸರಿಟ್ಟಿರುವವರ ಪುಟ ಗುರುತಿಸಲು ನಾನು ನೋಡುವ ಪದಗಳೂ ನನ್ನ ಹತ್ತಿರವೇ ಇರಲಿ. ನಾಲ್ಕು ದಿನ ಕೂತರೆ ನಿಮಗೂ ಹೊಳೆಯುತ್ತವೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೈಬದಲಾದ ಡೊಮೇನ್‌ಗಳು. ಒಳ್ಳೆಯವರೊಬ್ಬರು ನವೀಕರಿಸದೆ ಬಿಟ್ಟ ಹೆಸರನ್ನು ಜೂಜಿನವರು ಕೊಂಡುಕೊಳ್ಳುತ್ತಾರೆ, ಹಳೆಯ ಬ್ಲಾಗ್‌ರೋಲ್‌ಗಳೆಲ್ಲ ಇನ್ನೂ ಅತ್ತಲೇ ಬೆರಳು ತೋರುತ್ತಿರುತ್ತವೆ. ಏಳೆಂಟು ವೋಟು ಬಿದ್ದ ತಾಣ ತೆರೆದರೆ ಕ್ಯಾಸಿನೊ! ಈಗ ಪ್ರತಿ ತಾಣದ ಇಂದಿನ ಶೀರ್ಷಿಕೆಯನ್ನು ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷಿನ್‌ನಲ್ಲಿರುವ ಪ್ರತಿಯ ಜೊತೆ ತಾಳೆ ನೋಡುತ್ತೇನೆ. ಭಾಷೆ ಬದಲಾಗಿದ್ದರೆ ಅಥವಾ ಫೀಡ್ ಮಾಯವಾಗಿದ್ದರೆ ಹೊರಗೆ. ಸುಮಾರು ಹತ್ತರಲ್ಲಿ ಒಂದು ಹೀಗೆ ಉದುರುತ್ತದೆ. ಹಳೆಯ ಪ್ರತಿ ಚೆನ್ನಾಗಿದ್ದರೆ ಅದರ ಕೊಂಡಿಯನ್ನೇ ಇಟ್ಟುಕೊಳ್ಳುತ್ತೇನೆ. ಜನರಿಗೆ ಸ್ವಂತ ಪುಟಕ್ಕೆ ಉಚಿತ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಅದರ ಪುಟಗಳನ್ನು ಉಳಿಸಿಟ್ಟವರಿಗೆ ನಾನು ನಿಜವಾಗಿಯೂ ಋಣಿ.

ಇದರ ನಡುವೆ ಕನ್ನಡಕ್ಕೂ ಒಂದು ಕೈ ನೋಡಿದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಪುಟದ ಅರ್ಧಕ್ಕಿಂತ ಹೆಚ್ಚು ಅಕ್ಷರ ಅಲ್ಲಿದ್ದರೆ ಅದನ್ನು ಬೇರೆ ತೆಗೆದಿಡುವ ಹಾಗೆ ಮಾಡಿದೆ. ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್‌ಗಳಲ್ಲಿ ನೂರಾರು ಸಿಕ್ಕವು, ಹೆಚ್ಚಿನವು ಹತ್ತು ವರ್ಷದಿಂದ ಸದ್ದಿಲ್ಲದವು. ತಂತ್ರಜ್ಞಾನದ ಬಗ್ಗೆ ಬರೆಯುತ್ತ ಈಗಲೂ ಉಸಿರಾಡುತ್ತಿರುವವು ಮೂವತ್ತು ಇರಬಹುದು. ಆಶ್ಚರ್ಯ ಕಾದಿದ್ದದ್ದು ಯುನಿಕೋಡ್‌ಗೂ ಮೊದಲಿನ ಪುಟಗಳಲ್ಲಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪುಟ ಯಂತ್ರದ ಕಣ್ಣಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಹಾಗಾಗಿ ಸರ್ಚ್‌ಗೆ ಸಿಗುವುದೇ ಇಲ್ಲ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟಾಗ ಹಳೆಯ ಪಿಸಿಗಳ ಡಾಸ್ ವ್ಯವಸ್ಥೆ ಕಲಿಸುವ ಪಾಠಗಳು, ಕನ್ನಡ ಕೀಬೋರ್ಡ್ ವಿನ್ಯಾಸದ ವಾದ ವಿವಾದಗಳು ಎದ್ದು ಬಂದವು. ಅವನ್ನೆಲ್ಲ ಉಳಿಸಿಕೊಂಡಿದ್ದೇನೆ. ಇದಕ್ಕೆ ವೋಟಿನ ವಿಧಾನ ನಡೆಯುವುದಿಲ್ಲ, ನಮ್ಮಲ್ಲಿ ಬ್ಲಾಗ್‌ರೋಲ್‌ಗಳೇ ಕಡಿಮೆ. ಕೈಯಲ್ಲೇ ಹೆಕ್ಕಬೇಕು.

ಈಗಿನ ಖರ್ಚು: ಮಿನಿ ಪಿಸಿ ಹಗಲು ರಾತ್ರಿ ಓಡಿದರೂ ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್, ನೂರು ರೂಪಾಯಿ ದಾಟುವುದಿಲ್ಲ. ದತ್ತಾಂಶವೆಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ಒಂದೇ ಕಡತ. ಒಂದು ತಾಣಕ್ಕೆ ಹತ್ತು ಸೆಕೆಂಡಿಗೊಂದೇ ವಿನಂತಿ ಕಳಿಸುತ್ತೇನೆ, ಯಂತ್ರಗಳು ಎಲ್ಲಿ ಬರಬಾರದೆಂದು ತಾಣದವರು ಬರೆದಿಡುವ ರೋಬಾಟ್ಸ್ ಕಡತ ಬೇಡವೆಂದರೆ ಒಳಗೆ ಹೋಗುವುದಿಲ್ಲ. ಸ್ವಂತ ದುಡ್ಡಿನಲ್ಲಿ ಸಣ್ಣ ಸರ್ವರ್ ನಡೆಸುವವರಿಗೆ ಹೊರೆಯಾಗಬಾರದು. ಲೋ-ಟೆಕ್ ಮ್ಯಾಗಜೀನ್‌ನಂಥ ತಾಣ ಸೌರಶಕ್ತಿಯಲ್ಲೇ ನಡೆಯುತ್ತದೆ, ಮೋಡ ಕವಿದು ಬ್ಯಾಟರಿ ಖಾಲಿಯಾದರೆ ನಿಂತುಹೋಗುತ್ತದೆ. ಅಂಥ ಕಡೆ ಸ್ಕ್ರಿಪ್ಟ್ ಮೂರು ದಿನ ಬಿಟ್ಟು ಮತ್ತೆ ನೋಡುತ್ತದೆ, ಒಮ್ಮೆಲೇ ಸತ್ತಿದೆ ಎಂದು ಬರೆಯುವುದಿಲ್ಲ.

ಭಾನುವಾರ ಬೆಳಗ್ಗೆ ಹೊಸದಾಗಿ ಬಂದ ಹದಿನೈದು ಇಪ್ಪತ್ತನ್ನು ಕೂತು ಓದುತ್ತೇನೆ. ಈ ಭಾಗವನ್ನು ಯಂತ್ರಕ್ಕೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೂರರಲ್ಲಿ ಒಂದು ಉಳಿಯುತ್ತದೆ. ಮನಸ್ಸಿಗೆ ಹಿಡಿದರೆ ಬರೆದವರಿಗೆ ಇಮೇಲ್ ಹಾಕಿ, ನೀವು ಯಾರನ್ನು ಓದುತ್ತೀರಿ ಎಂದು ಕೇಳುತ್ತೇನೆ. ಅರ್ಧಕ್ಕರ್ಧ ಜನ ಉತ್ತರಿಸುತ್ತಾರೆ, ನಾಲ್ಕೈದು ವಿಳಾಸ ಕೊಡುತ್ತಾರೆ. ಅವು ನೇರ ಸೀಡ್‌ಗೆ ಸೇರುತ್ತವೆ, ಅವುಗಳ ವೋಟಿಗೆ ಎರಡರ ತೂಕ.